ಮೋಟಾರಿಗೆ ಕೀಲೆಣ್ಣೆ

ಬಿಸಿ ಹರಳೆಣ್ಣೆಯ ಘಾಟು, ಆಹಾ, ಐಮಂಗಲದ ಅರ್ಧ ಊರು ಮೂಗು ಮುಚ್ಚಿಕೊಂಡು ನನ್ನ ಮೋಟಾರು ನೋಡಲು ಬಂದಿದೆ, ಅರ್ಧ ಏನು ಬಂತು, ಇಡೀ ಊರೇ, ತೊಟ್ಟಿಲ ಕೂಸನ್ನೂ ಬಿಟ್ಟಿಲ್ಲ, ನೋಡ್ರಪ್ಪಾ ನೋಡ್ರಿ, ಹಿರಿಯೂರಿಂದ ಇಲ್ಲಿಗೆ ರೆಪ್ಪೆ ಬಡಿಯುವಷ್ಟರಲ್ಲಿ ತಂದಿದ್ದೀನಿ, ನಲವತ್ತು ಮೂಟೆ ಹತ್ತಿ, ಅದರ ಮೇಲೆ ಸಾವ್ಕಾರ್ ಶಿವಕುಮಾರಪ್ಪನವರು, ಅವರೊಬ್ಬರೇ ಹತ್ತು ಮೂಟೆಯ ತೂಕ — ಜುಂಜಣ್ಣ ಅಂದರೆ ಸುಮ್ಮನೇನಾ, ಮಾರಿಕಣಿವೆ ಕಟ್ಟೆಯ ಅರ್ಧ ಕಲ್ಲು ನನ್ನ ಗಾಡಿಯಲ್ಲೇ ಹೋಗಿದ್ದು, ಉಳಿದರ್ಧ ನನ್ನ ನೋಡಿ ಹೆದರಿ ತಾನೇ ಉರುಳಿಕೊಂಡು ಹೋಯಿತು, ಹೊತ್ತು ಮುಳುಗೋದ್ರೊಳಗೆ ದುರ್ಗ ಮುಟ್ಟಿಸಿದ್ರೆ ಈ ಡ್ರೈವರ್ ಸೀಟು ನಿಂದು ಕಣೋ, ಇಲ್ಲಾಂದ್ರೆ ಮೋಟಾರು ಮಾರಿಬಿಡ್ತೀನಿ, ನೀನು ನಿನ್ನ ಎತ್ತು ಹುಡುಕ್ಕ, ಅಂದಿದ್ದಾರೆ ಸಾವ್ಕಾರರು, ಎತ್ತು ಎಲ್ಲಿವೆ, ಈ ಸೀಟಿನ ಆಸೆಗೆ ಹೋದ ತಿಂಗಳೇ ಮಾರಿದೆನಲ್ಲ, ಇರಲಿ, ಹೊತ್ತಿನ್ನೂ ನೆತ್ತಿ ಮೇಲಿದೆ, ಎಂಜಿನ್ನು ತುಸು ಆರಲಿ, ಒಂದು ಹನಿ ಎಣ್ಣೆ ನೋಡಿ ಹೊರಡೋದೇ.

ಎಣ್ಣೆ ನೋಡೋದು ನಮ್ಮ ಮನೆತನದ ವಿದ್ಯೆ, ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ, ಕೈ ಓರೆ ಮಾಡು, ಜಾರಿದರೆ ಹಗುರ ಬಂಡಿಗೆ, ನಿಂತರೆ ಕಲ್ಲುಗಾಡಿಗೆ, ಹಾಗಂತ ನಮ್ಮಪ್ಪ ಹೇಳಿಕೊಟ್ಟಿದ್ದು, ಬೆಂಗಳೂರಿನ ಮೋಟಾರು ಮೇಸ್ತ್ರಿ ಸೀಮೆ ಎಂಜಿನ್ ಎಣ್ಣೆ ಡಬ್ಬ ತಂದಾಗಲೂ ಹಾಗೇ ನೋಡಿದೆ, ಜೇನಿನ ಬಣ್ಣ, ಸೊಗಸಾಗಿಯೇ ಇತ್ತು, ಓರೆ ಮಾಡಿದೆ ನೋಡಿ, ಮೊಣಕೈವರೆಗೆ ಓಡಿಹೋಯಿತು, ನನ್ನ ಹೆಂಡತಿ ಚಿತ್ತಮ್ಮ ಕಾಯಿಸಿ ತೆಗೆದ ಹರಳೆಣ್ಣೆ ಮಾತ್ರ ಕುರಿಯ ಕಿವಿಗೆ ಕಚ್ಚಿದ ಉಣ್ಣಿ ಹಾಗೆ ನಿಂತೇಬಿಟ್ಟಿತು — ಹರಳೆಣ್ಣೆಯೂ ಆಗುತ್ತೆ ಕಣಯ್ಯ, ಆದರೆ ಏಳು ಸಲ ಬಟ್ಟೇಲಿ ಸೋಸಿ ಹಾಕು, ಒಳಗೆ ಕಂಚಿನ ಬಳೆ ಇದೆ, ಅದರೊಳಗೇ ದಿಂಡು ತಿರುಗೋದು, ಒಂದು ಮರಳ ಕಣ ಬಿದ್ದರೂ ಬಳೆ ಅರೆದು ಪುಡಿ ಮಾಡುತ್ತೆ, ಅಂದ ಮೇಸ್ತ್ರಿ, ಏಳು ಸಲವಂತೆ, ಮದುವೆ ಪಾಯಸಕ್ಕೂ ಯಾರೂ ಅಷ್ಟು ಸೋಸಲ್ಲ, ನಕ್ಕುಬಿಟ್ಟೆ, ಬರೀ ಎಣ್ಣೆ ಹಾಕಿದ ಗಾಡಿ ಅಚ್ಚು ಹೊಸದುರ್ಗಕ್ಕೆ ಕೇಳೋ ಹಾಗೆ ಕಿರುಚುತ್ತೆ, ಹುಲ್ಲು ಸುಟ್ಟ ಬೂದಿ ಕಲೆಸಿದರೇ ಕೀಲೆಣ್ಣೆ, ಬೂದಿ ಇದ್ದರೇ ಹಿಡಿತ, ಇದು ಬೆಂಗಳೂರಿಗೇನು ಗೊತ್ತು, ಎರಡು ಹಿಡಿ ಬೂದಿ ಕಲೆಸಿ ನಿನ್ನೆ ಯಾರಿಗೂ ಕಾಣದ ಹಾಗೆ ಎಂಜಿನ್ನಿಗೆ ಹುಯ್ದೆ, ಚಿತ್ತಮ್ಮ ಒಬ್ಬಳು ನೋಡಿದಳು, ಅಯ್ಯೋ, ಮೋಟಾರಿಗೂ ಬೂದೀನಾ, ಮೇಸ್ತ್ರೀನ ಕೇಳಿ ಹಾಕು ಮಾರಾಯ, ಅಂದಳು, ಸುಮ್ಕಿರೇ, ತಿರುಗೋದು ಅಂದಮೇಲೆ ಎಲ್ಲಾ ಒಂದೇಯ, ಅಂದೆ.

ಎಂಥಾ ಓಟ ಓಡಿತು ಬೆಳಿಗ್ಗೆ, ಕಾಗೆಗಳು ಹಿಂದೆ ಬಿದ್ದವು, ಗಾಳಿಗೇ ಏದುಸಿರು, ಕೊನೇ ಏರಿನಲ್ಲಿ ಮಾತ್ರ ಒಳಗೆಲ್ಲೋ ಟಕ್ ಟಕ್ ಅಂದಿತು, ಏನಪ್ಪ ಅದು ಅಂದರು ಸಾವ್ಕಾರರು, ಮೋಟಾರು ಖುಷಿಗೆ ಹಾಡ್ತಾ ಐತೆ ಸಾವ್ಕಾರ್ರೆ ಅಂದೆ, ನಂಬಿದರು, ನಾನೂ ನಂಬಿದೆ — ಈಗ ಎಂಜಿನ್ನಿನಡಿ ನುಗ್ಗಿ ಪುಟ್ಟ ನಲ್ಲಿ ತಿರುಗಿಸಿ ಒಂದು ಹನಿ ಉಗುರಿಗೆ, ಬಿಸಿಲಿಗೆ ಬಂದು ಓರೆ ಮಾಡಿದರೆ, ಕಪ್ಪಗೆ, ಗಟ್ಟಿ, ನಿಂತಿದೆ, ಭಲೇ ಚಿತ್ತಮ್ಮ, ಅದರೊಳಗೆ ಏನೋ ಹಳದಿ, ಮಿಣಮಿಣ, ಚಿನ್ನ, ನೋಡ್ರೋ ನನ್ನ ಮೋಟಾರು ಚಿನ್ನ ಹಾಕುತ್ತೆ, ಚಿನ್ನ, ಅಲ್ಲ, ಬಳೆ, ಕಂಚಿನ ಬಳೆ, ಪುಡಿ ಮಾಡುತ್ತೆ ಅಂದಿದ್ದ ಮೇಸ್ತ್ರಿ, ಟಕ್ ಟಕ್, ಎರಡು ಹಿಡಿ ಬೂದಿ — ಜುಂಜಣ್ಣ, ಹೋಗಾಣೇನಪ್ಪ, ಮೂಟೆ ಮೇಲಿಂದ ಸಾವ್ಕಾರರು, ಸೀಟಿನಡಿ ಮೇಸ್ತ್ರಿ ಕೊಟ್ಟ ಸೀಮೆ ಡಬ್ಬ ಇದೆ, ಇರೋದನ್ನೆಲ್ಲ ಬಸಿದು, ತೊಳೆದು, ಅದನ್ನು ಹುಯ್ಯೋದರೊಳಗೆ ಸಂಜೆ, ಸೀಟು ಹೋಯಿತು, ಹೀಗೇ ಎಂಜಿನ್ನಿನ ಹಿಡಿ ತಿರುಗಿಸಿ ಹೊರಟರೆ ದುರ್ಗದ ಏರಿನಲ್ಲಿ ಮೋಟಾರೇ ಹೋಯಿತು, ಕೈಲೇನಲೇ ಅದು ಹೊಳೀತಾ ಐತೆ, ಬಗ್ಗಿದರು ಸಾವ್ಕಾರರು, ಬಾಯಿ ತೆರೆದೆ, ಹದಿನೆಂಟು ಸುಳ್ಳು ನಾಲಿಗೆ ತುದಿಯಲ್ಲಿ ಸಾಲಾಗಿ ನಿಂತಿವೆ, ಅವು ಹೊರಡೋದ್ರೊಳಗೇ ಹೆಬ್ಬೆರಳು ತಾನಾಗಿ ಅವರ ಕಣ್ಣ ಮುಂದಕ್ಕೆ ಹೋಯಿತು, ಹನಿ, ಓರೆ ಮಾಡಿದರೂ ಜಾರದ ಹನಿ, ಒಳಗೆ ಬಳೆಯ ಹಳದಿ ಚುಕ್ಕಿ, ಉಗುರಿನ ಮೇಲೆ, ಹನಿ —