ವಿಭೂತಿ ಡಬ್ಬಿಯಲ್ಲಿದ್ದ ಸಿಮ್ಮು

ನಮ್ಮ ಕುಂಬಾರಕೊಪ್ಪಲಿನಲ್ಲಿ ಈಗ ಮೊಬೈಲ್ ಇಲ್ಲದ ಮನೆ ಹುಡುಕಿದರೂ ಸಿಗದು. ಆದರೆ ಮೊಬೈಲ್ ಇದ್ದರೆ ಸಾಕೇ? ಒಬ್ಬರು ಮಹಡಿ ಮೆಟ್ಟಿಲ ಮೇಲೆ ನಿಂತು ಹಲೋ ಹಲೋ ಎಂದು ಕೂಗುತ್ತಾರೆ. ಇನ್ನೊಬ್ಬರು ಬೀದಿ ನಲ್ಲಿಯ ಹತ್ತಿರ ಹೋಗಿ ಒಂದು ಕಿವಿ ಮುಚ್ಚಿಕೊಂಡು ಮಾತಾಡುತ್ತಾರೆ. ಈ ಕಂಪನಿಯ ಸಿಗ್ನಲ್ ಇಲ್ಲಿ ಸಿಕ್ಕರೆ ಅಲ್ಲಿ ಇಲ್ಲ, ಆ ಕಂಪನಿಯದು ಅಲ್ಲಿ ಸಿಕ್ಕರೆ ಇಲ್ಲಿ ಇಲ್ಲ. ಈ ಪಾಡು ನಮ್ಮ ಸಂಘಕ್ಕೆ ಎಂಥ ಪೆಟ್ಟು ಕೊಟ್ಟಿತು, ಆಮೇಲೆ ನಾವು ಹೇಗೆ ಗೆದ್ದೆವು ಎಂಬುದನ್ನು ಹೇಳುತ್ತೇನೆ. ನಾನು ವಸಂತಮ್ಮ, ಹೊಂಬೆಳಕು ಮಹಿಳಾ ಸಂಘದವಳು. ಹೂರಣ ರುಬ್ಬುವುದು ನನ್ನ ಕೆಲಸ. ರುಬ್ಬುವಾಗಲೂ ನನ್ನ ಬಾಯಿ ಸುಮ್ಮನಿರುವುದಿಲ್ಲ, ಅದಕ್ಕೇ ಈ ಕಥೆ ಹೇಳಲು ನನ್ನನ್ನು ಮುಂದೆ ತಳ್ಳಿದ್ದಾರೆ.

ನಮ್ಮ ಸಂಘದ ಹಿರಿಯರು ಮಹದೇವಮ್ಮ ಅಕ್ಕ. ಇಪ್ಪತ್ತೆರಡು ವರ್ಷ ಮದುವೆ ಛತ್ರಗಳಲ್ಲಿ ಒಬ್ಬಟ್ಟು ತಟ್ಟಿದ ಕೈ ಅವರದು. ಪಂಕ್ತಿಯಲ್ಲಿ ಕೂತವರು ಒಬ್ಬಟ್ಟು ತಿಂದು ಹೊಗಳಿದರೆ ಆ ಹೊಗಳಿಕೆಯೆಲ್ಲ ಅಡುಗೆ ಕಂಟ್ರಾಕ್ಟರಿಗೆ ಹೋಗುತ್ತಿತ್ತು. ಅಕ್ಕ ಹಿಂದುಗಡೆ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಮುಂದಿನ ಉಂಡೆ ತಟ್ಟುತ್ತಿದ್ದರು. ನಾವು ಹತ್ತು ಜನ ಸೇರಿ ಸಂಘ ಕಟ್ಟಿ ಒಬ್ಬಟ್ಟು ಮಾರತೊಡಗಿದ ಮೇಲೂ ಅವರ ಮನಸ್ಸಿನಲ್ಲಿ ಒಂದು ಆಸೆ ಉಳಿದಿತ್ತು.

"ವಸಂತಾ, ದಸರೆ ಹೊತ್ನಲ್ಲಿ ತಿಂಡಿ ಮೇಳ ಮಾಡ್ತಾರಲ್ಲ, ಅಲ್ಲೊಂದು ಮಳಿಗೆ ಸಿಗ್ಬೇಕು ಕಣೆ. ನಮ್ ಬೋರ್ಡ್ ಕೆಳಗೆ ನಿಂತ್ಕೊಂಡು ನನ್ ಕೈಯಾರೆ ಬಡಿಸ್ಬೇಕು. ತಿನ್ನೋರ ಮುಖ ಒಂದ್ಸಲ ನೋಡ್ಬೇಕು," ಎನ್ನುತ್ತಿದ್ದರು.

ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವರು ತಿನ್ನುವವರ ಮುಖ ನೋಡಿಲ್ಲವೆಂದರೆ ಹೊಟ್ಟೆ ಉರಿಯುವುದಿಲ್ಲವೇ? ನನಗೆ ಉರಿಯಿತು. 2008ರಲ್ಲಿ ಅರ್ಜಿ ಹಾಕಿಸಿದವಳು ನಾನೇ. ಮಳಿಗೆಗಳು ಮೊದಲೇ ತುಂಬಿದ್ದವು. ನಮ್ಮ ಹೆಸರು ಕಾಯುವವರ ಪಟ್ಟಿಗೆ ಹೋಯಿತು. ಯಾರಾದರೂ ಹಿಂದೆ ಸರಿದರೆ ಫೋನ್ ಮಾಡುತ್ತೇವೆ, ಸಿಗದಿದ್ದರೆ ಮುಂದಿನವರಿಗೆ ಕೊಡುತ್ತೇವೆ ಎಂದು ಮೇಳದ ಕಚೇರಿಯವರು ಸ್ಪಷ್ಟವಾಗಿ ಹೇಳಿ ಕಳಿಸಿದರು. ಅರ್ಜಿಯಲ್ಲಿ ನಾವು ಎರಡು ನಂಬರ್ ಬರೆದಿದ್ದೆವು.

ಎರಡು ನಂಬರ್ ಯಾಕೆ ಎಂದರೆ, ಹಳೇ ನಂಬರು ನಮ್ಮ ಒಬ್ಬಟ್ಟಿನ ಪೊಟ್ಟಣದ ಮೇಲೆ ಮೂರು ವರ್ಷದಿಂದ ಅಚ್ಚಾಗಿದೆ. ಗಿರಾಕಿಗಳಿಗೆಲ್ಲ ಅದೇ ಗೊತ್ತು. ಆದರೆ ನಮ್ಮ ಅಡುಗೆ ನಡೆಯುವುದು ಕೊಪ್ಪಲಿನಿಂದ ದೂರದ ದಟ್ಟಗಳ್ಳಿ ಬಡಾವಣೆಯಲ್ಲಿ, ಅಕ್ಕನ ತಮ್ಮ ಹೊಸದಾಗಿ ಕಟ್ಟಿಸಿದ ಮನೆಯ ಶೆಡ್ಡಿನಲ್ಲಿ. ಅಲ್ಲಿಗೆ ಹೋದರೆ ಹಳೇ ಸಿಮ್ಮು ಸತ್ತ ಹಾಗೆ. ಅದಕ್ಕೆ ಅಲ್ಲಿ ಸಿಗ್ನಲ್ ಸಿಗುವ ಇನ್ನೊಂದು ಕಂಪನಿಯ ಸಿಮ್ ತೆಗೆದುಕೊಂಡೆವು. ಆ ಹೊಸ ಸಿಮ್ಮಿಗೆ ಕೊಪ್ಪಲಿನಲ್ಲಿ ಸಿಗ್ನಲ್ ಇಲ್ಲ. ಫೋನು ಮಾತ್ರ ಒಂದೇ.

ಸಿಮ್ ಬದಲಾಯಿಸುವ ಕೆಲಸವನ್ನು ಅಕ್ಕನ ಯಜಮಾನರು ಶಿವಮಲ್ಲಪ್ಪನವರು ವಹಿಸಿಕೊಂಡರು. ಚಿಕ್ಕ ಗಡಿಯಾರ ಗೋಪುರದ ಹತ್ತಿರ ಮೂವತ್ತು ವರ್ಷದಿಂದ ವಾಚ್ ರಿಪೇರಿ ಮಾಡುವವರು. ಬೆಳಿಗ್ಗೆ ಪೂಜೆ ಮುಗಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮಟದಲ್ಲಿ ಹಳೇ ಸಿಮ್ ತೆಗೆದು ಹೊಸದು ಕೂರಿಸುತ್ತಿದ್ದರು. ಸಂಜೆ ಅಕ್ಕ ಬಂದಮೇಲೆ ಮತ್ತೆ ಹೊಸದು ತೆಗೆದು ಹಳೇದು. ಹೊರಗಿರುವ ಸಿಮ್ಮು ಕಳೆದುಹೋಗಬಾರದಲ್ಲ, ಅದನ್ನು ದೇವರ ಗೂಡಿನ ವಿಭೂತಿ ಡಬ್ಬಿಯಲ್ಲಿ ಇಡುತ್ತಿದ್ದರು.

"ಎರಡೊತ್ತೂ ಕೈ ಹಾಕೋ ಡಬ್ಬಿ. ಮರೆಯಕ್ಕೆ ಸಾಧ್ಯವೇ ಇಲ್ಲ. ಮೇಲಾಗಿ ಶಿವನ ಕಾವಲು," ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೂ ಅದು ಭಾರೀ ಬುದ್ಧಿವಂತಿಕೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ದಸರೆಗೆ ಹತ್ತು ದಿನ ಇತ್ತು, ಮಳಿಗೆ ಹಂಚುವ ಕೊನೆಯ ದಿನ. ಆವತ್ತು ಅಡುಗೆಗೆ ರಜೆ. ಅಕ್ಕ ಕೊಪ್ಪಲಿನ ಮನೆಯಲ್ಲೇ ಇದ್ದರು, ಫೋನಿನಲ್ಲಿ ಹಳೇ ಸಿಮ್ ಇತ್ತು. ಫೋನನ್ನು ದೇವರ ಗೂಡಿನ ಪಕ್ಕ ಇಟ್ಟುಕೊಂಡು ಇಡೀ ದಿನ ಕಾದರು. ನಾನು ನಾಲ್ಕು ಸಲ ಹೋಗಿ ಕೇಳಿದೆ. ನಾಲ್ಕು ಸಲವೂ ಫೋನು ಸುಮ್ಮನಿತ್ತು. ಕರೆ ಬರಲಿಲ್ಲ, ಮಳಿಗೆ ಯಾರೂ ಬಿಟ್ಟುಕೊಟ್ಟಿಲ್ಲ ಎಂದುಕೊಂಡೆವು.

ಮರುದಿನ ಕಚೇರಿಗೆ ಹೋಗಿ ವಿಚಾರಿಸಿದರೆ ಅಲ್ಲಿದ್ದ ಗುಮಾಸ್ತರು ಪಟ್ಟಿ ತಿರುಗಿಸಿ ತೋರಿಸಿದರು. "ನಿನ್ನೆ ನಿಮ್ಮ ಸರದಿ ಬಂದಿತ್ತು ಅಮ್ಮ. ಎರಡೂ ನಂಬರಿಗೆ ಮಾಡಿದ್ವಿ. ಎರಡೂ ಸ್ವಿಚ್ ಆಫ್ ಅಂತ ಬಂತು. ಮುಂದಿನವರಿಗೆ ಕೊಟ್ಟಾಯ್ತು."

ಅವರದೇನು ತಪ್ಪು? ವಾಪಸ್ ಬರುವಾಗ ಅಕ್ಕ ಸಿಟಿ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನಗೆ ಆ ಫೋನನ್ನು ಎಸೆದುಬಿಡಬೇಕು ಅನ್ನಿಸಿತು.

ಸಂಜೆ ಅಂಬುಜಾ ಬಂದಳು. ಅಂಬುಜಾ ಮೊದಲು ನಮ್ಮ ಬೀದಿಯಲ್ಲೇ ಎಸ್‌ಟಿಡಿ ಬೂತ್ ನಡೆಸುತ್ತಿದ್ದವಳು. ಈಗ ವಿದ್ಯಾರಣ್ಯಪುರಂನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾಳೆ. ವಿಷಯ ಕೇಳಿದವಳೇ ಫೋನಿನ ಹಿಂದಿನ ಮುಚ್ಚಳ ತೆಗೆದು ಸಿಮ್ಮನ್ನು ಬೆಳಕಿಗೆ ಹಿಡಿದಳು. ಚಿನ್ನದ ಬಣ್ಣ ಇರಬೇಕಾದ ಜಾಗದಲ್ಲಿ ಬೆಳ್ಳಗೆ ಬೂದಿ ಅಂಟಿತ್ತು.

"ಭಾವ, ಇದಕ್ಕೆ ವಿಭೂತಿ ಧಾರಣೆ ಮಾಡಿಸಿದ್ದು ಯಾರು?" ಎಂದಳು.

ಶಿವಮಲ್ಲಪ್ಪನವರು ಕನ್ನಡಕ ಸರಿಮಾಡಿಕೊಂಡು ಸಿಮ್ಮನ್ನು ನೋಡಿದರು.

"ಬೂದಿ ಮೆತ್ಕೊಂಡು ಸಿಮ್ ಇರೋದೇ ಫೋನಿಗೆ ಗೊತ್ತಾಗಿಲ್ಲ. ಸಿಮ್ ಹಾಕಿ ಅಂತ ಪರದೆ ಮೇಲೆ ಇಂಗ್ಲಿಷ್‌ನಲ್ಲಿ ಬರೆದಿತ್ತು, ನೀವ್ಯಾರೂ ಓದಿಲ್ಲ. ಒಂದು ಸಿಮ್ ಫೋನಿನೊಳಗೆ ಇದ್ದೂ ಇಲ್ಲ, ಇನ್ನೊಂದು ಡಬ್ಬಿಯಲ್ಲಿ. ಮತ್ತೆ ಎರಡೂ ಸ್ವಿಚ್ ಆಫ್ ಅನ್ನದೆ ಇನ್ನೇನು ಅಂದಾತು?"

"ವಾಚಿಗೆ ಧೂಳೇ ಶತ್ರು ಅಂತ ಊರಿಗೆಲ್ಲ ಹೇಳ್ತೀರಿ. ಮನೇಲಿ ಮಾಡಿದ್ದು ನೋಡಿ," ಎಂದರು ಅಕ್ಕ. ದನಿ ಏರಿಸಲಿಲ್ಲ. ಏರಿಸಿದ್ದರೆ ಅವರಿಗೆ ಅಷ್ಟು ನಾಟುತ್ತಿರಲಿಲ್ಲವೇನೋ.

ಅಂಬುಜಾ ಚೀಲದಿಂದ ಒಂದು ಫೋನ್ ತೆಗೆದಳು. "ಇದ್ರಲ್ಲಿ ಎರಡು ಸಿಮ್ ಒಟ್ಟಿಗೆ ಕೂರುತ್ತೆ. ಎರಡು ಬೇರೆ ಬೇರೆ ಕಂಪನಿದಾದ್ರೂ ಆಯ್ತು. ತೆಗೆಯೋದೂ ಬೇಡ, ಹಾಕೋದೂ ಬೇಡ. ಕೊಪ್ಪಲಲ್ಲಿ ಹಳೇದು ಸಿಗುತ್ತೆ, ದಟ್ಟಗಳ್ಳೀಲಿ ಹೊಸದು."

"ಬುಡಮ್ಮ ಅತ್ಲಾಗೆ," ಎಂದರು ಶಿವಮಲ್ಲಪ್ಪನವರು. ತಪ್ಪು ಮಾಡಿದ ಗಂಡಸಿಗೆ ಹಟ ಜಾಸ್ತಿ. "ಎರಡು ದೋಣಿ ಮೇಲೆ ಕಾಲಿಟ್ಟಂಗೆ ಅದು. ಎರಡು ಕಂಪನಿ ಒಂದೇ ಫೋನ್‌ನಲ್ಲಿ ಎಂಗೆ ಬಾಳ್ವೆ ಮಾಡ್ತವೆ? ಅದರ ಬದ್ಲು ಎರಡೂ ಕಡೆ ಸಿಗೋ ಒಂದು ಕಂಪನಿ ಹಿಡಿಯೋಣ."

"ಹಿಡೀರಿ. ಆದರೆ ಕಂಪನಿ ಬದಲಾದ್ರೆ ನಂಬರೂ ಬದಲಾಗುತ್ತೆ. ಮೂರು ವರ್ಷದಿಂದ ಪೊಟ್ಟಣದ ಮೇಲಿರೋ ನಂಬರು ಹೋಗುತ್ತೆ. ಗಿರಾಕಿಗಳ ಮನೆಮನೆಗೆ ಹೋಗಿ ಹೇಳ್ತೀರಾ?"

"ಎರಡು ಸಿಮ್ ಇದ್ರೆ ಎರಡರಷ್ಟು ಖರ್ಚು," ಎಂದೆ ನಾನು. ನಾನೂ ಅನುಮಾನದವಳೇ.

"ಊರಲ್ಲೇ ಇದ್ರೆ ಬರೋ ಕರೆಗೆ ದುಡ್ಡಿಲ್ಲ ವಸಂತಕ್ಕ. ಎರಡು ಸಿಮ್ ಈಗಲೂ ನಿಮ್ಹತ್ರ ಇದೆಯಲ್ಲ. ಎರಡರ ಅವಧಿನೂ ಮುಗಿಯದ ಹಾಗೆ ಆಗಾಗ ರೀಚಾರ್ಜ್ ಮಾಡಿಸ್ತಾ ಇರಿ, ಅಷ್ಟೇ. ನೀವು ಕರೆ ಮಾಡೋವಾಗ ಯಾವ ಸಿಮ್ಮಿಂದ ಅಂತ ಫೋನೇ ಕೇಳುತ್ತೆ. ಕಡಿಮೆ ಆಗೋದ್ರಿಂದ ಮಾಡಿ."

ಶಿವಮಲ್ಲಪ್ಪನವರು ಇನ್ನೂ ತಲೆ ಆಡಿಸುತ್ತಲೇ ಇದ್ದರು. "ಒಂದು ಯಂತ್ರದಲ್ಲಿ ಎರಡು ಕೆಲಸ ಆಗಾಕಿಲ್ಲ ಕಣಮ್ಮ. ಮೂವತ್ತು ವರ್ಷದಿಂದ ಯಂತ್ರ ನೋಡಿದೀನಿ."

ಅಂಬುಜಾ ಗೋಡೆಯ ಗೂಡಿನಲ್ಲಿದ್ದ ಹಳೇ ಅಲಾರಂ ಗಡಿಯಾರ ತಂದು ಅವರ ಮುಂದೆ ಇಟ್ಟಳು. ಅದನ್ನು ತಿರುಗಿಸಿ ಬೆನ್ನು ತೋರಿಸಿದಳು. "ಇದಕ್ಕೆ ಎಷ್ಟು ಕೀ ಭಾವ?"

"ಎರಡು."

"ಯಾಕೆ ಎರಡು?"

"ಒಂದು ಮುಳ್ಳು ಓಡಕ್ಕೆ. ಇನ್ನೊಂದು ಅಲಾರಂ ಬಡಿಯಕ್ಕೆ. ಒಳಗೆ ಎರಡು ಸ್ಪ್ರಿಂಗ್ ಅವೆ," ಎಂದವರು ಅಲ್ಲಿಗೇ ನಿಂತರು. ಗಡಿಯಾರವನ್ನು ಕೈಗೆ ತೆಗೆದುಕೊಂಡರು. ಒಂದು ಕೀ ತಿರುಗಿಸಿದರು, ಆಮೇಲೆ ಇನ್ನೊಂದು ಕೀ ತಿರುಗಿಸಿದರು. ಅಕ್ಕ ನಗು ತಡೆಯಲಾರದೆ ಒಳಗೆ ಹೋದರು.

"ಇದರಲ್ಲಿ ಕೊರತೆ ಏನೂ ಇಲ್ವಾ?" ಎಂದು ಕೇಳಿದರು ಕೊನೆಗೆ. ದನಿ ಬದಲಾಗಿತ್ತು.

"ಇದೆ. ಒಂದು ಸಿಮ್ಮಲ್ಲಿ ಮಾತಾಡ್ತಿರುವಾಗ ಇನ್ನೊಂದಕ್ಕೆ ಕರೆ ಬರಲ್ಲ. ಅದಕ್ಕೇ ಮಾತು ಚುಟುಕಾಗಿರಲಿ. ಬ್ಯಾಟರಿ ಬೇಗ ಇಳಿಯುತ್ತೆ, ದಿನಾ ಚಾರ್ಜ್ ಮಾಡಿ. ಇನ್ನೊಂದು ಮಾತು. ಬಿಲ್ ಇಲ್ಲದೆ ಬುಟ್ಟಿಯಲ್ಲಿಟ್ಟು ಮಾರೋ ಸೆಟ್ ಬೇಡವೇ ಬೇಡ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ. ಫೋನಿನ ಗುರುತಿನ ನಂಬರು ಅಂತ ಹದಿನೈದು ಅಂಕಿ ಬರಬೇಕು. ಅದು ಬಿಲ್ಲಿನಲ್ಲಿರೋ ಅಂಕಿಗೆ ಸರಿಹೋಗ್ಬೇಕು. ಆ ಅಂಕಿ ಇಲ್ಲದ ಫೋನುಗಳನ್ನ ಸರ್ಕಾರದವರು ನಿಲ್ಲಿಸ್ತಾರಂತೆ."

ಶಿವಮಲ್ಲಪ್ಪನವರು ತಾವೇ ಒತ್ತಿದರು. ಭೂತಗನ್ನಡಿ ಹಾಕಿಕೊಂಡು ಹದಿನೈದು ಅಂಕಿಯನ್ನೂ ಒಂದೊಂದಾಗಿ ಬಿಲ್ಲಿಗೆ ಹೋಲಿಸಿದರು. ಆಮೇಲೆ ಸಿಮ್ಮುಗಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಎರಡನ್ನೂ ಒಟ್ಟಿಗೆ ಕೂರಿಸಿದರು. ಆ ದಿನದಿಂದ ಅವರು ಅವನ್ನು ಹೊರಗೆ ತೆಗೆದಿಲ್ಲ.

ವರ್ಷ ತಿರುಗಿತು. 2009ರ ದಸರೆಗೆ ಮತ್ತೆ ಅರ್ಜಿ, ಮತ್ತೆ ಕಾಯುವವರ ಪಟ್ಟಿ. ಈ ಸಲವೂ ಎರಡು ನಂಬರ್ ಬರೆದೆವು. ಒಂದು ಮಧ್ಯಾಹ್ನ ದಟ್ಟಗಳ್ಳಿಯ ಶೆಡ್ಡಿನಲ್ಲಿ ಎಲ್ಲರ ಕೈಯೂ ಕಣಕದಲ್ಲಿ ಮುಳುಗಿತ್ತು. ಅಕ್ಕನಿಗೆ ಊಟದ ಡಬ್ಬಿ ತಂದಿದ್ದ ಶಿವಮಲ್ಲಪ್ಪನವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಕಿಟಕಿಯ ಮೊಳೆಗೆ ನೇತುಹಾಕಿದ್ದ ಫೋನು ರಿಂಗಾಯಿತು.

"ಎರಡ್ನೇ ಸಿಮ್ಮು," ಎಂದರು ಪರದೆ ನೋಡಿ. ಎತ್ತಿ ಕಿವಿಗಿಟ್ಟರು. "ಹೌದು ಸಾರ್. ಹೊಂಬೆಳಕು ಸಂಘದವರೇ. ಬತ್ತೀವಿ ಸಾರ್. ಈಗ್ಲೇ ಹೊರಟ್ವಿ."

ಫೋನ್ ಇಟ್ಟು ನಮ್ಮ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. "ಮೊದ್ಲು ಹಳೇ ನಂಬರಿಗೆ ಮಾಡಿದ್ರಂತೆ, ವ್ಯಾಪ್ತಿ ಪ್ರದೇಶದ ಹೊರಗೆ ಅಂತ ಬಂತಂತೆ. ಆಮೇಲೆ ಇದಕ್ಕೆ ಮಾಡಿದ್ರಂತೆ. ಮಹದೇವಿ, ಮಳಿಗೆ ನಿಂದು. ನಾಲ್ಕು ಗಂಟೆ ಒಳಗೆ ಹೋಗಿ ಸಹಿ ಹಾಕ್ಬೇಕು, ಏಳು."

ಅಕ್ಕ ಕೈ ತೊಳೆಯುವುದನ್ನೂ ಮರೆತು ಎದ್ದರು. ಕಚೇರಿಯ ಪುಸ್ತಕದಲ್ಲಿ ಅವರು ಹಾಕಿದ ಸಹಿಯ ಪಕ್ಕ ಕಣಕದ ಗುರುತು ಬಿದ್ದಿದೆ. ಗುಮಾಸ್ತರು ನಕ್ಕು ಸುಮ್ಮನಾದರು. ಅದೇ ಸಂಜೆ ಕೊಪ್ಪಲಿಗೆ ಬಂದು ಕಾಲು ತೊಳೆಯುತ್ತಿದ್ದಂತೆ ಹಳೇ ನಂಬರೂ ರಿಂಗಾಯಿತು. ಹಳೇ ಗಿರಾಕಿಯೊಬ್ಬರು ಮಗಳ ಮದುವೆಗೆ ಐನೂರು ಒಬ್ಬಟ್ಟು ಹೇಳಿದರು. ಒಂದೇ ದಿನ ಎರಡೂ ಕೀ ಕೆಲಸ ಮಾಡಿದವು.

ಮೇಳದಲ್ಲಿ ನಮ್ಮ ಮಳಿಗೆಯ ಮುಂದೆ ನಿಂತ ಸಾಲನ್ನು ನೀವು ನೋಡಬೇಕಿತ್ತು. ಹೆಸರಿನ ಬೋರ್ಡಿನ ಕೆಳಗೆ ಅಕ್ಕ ಹೊಸ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಬಿಸಿ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿ ಕೊಡುತ್ತಿದ್ದರು. ಮೂರನೇ ದಿನ ಆ ಸಾಲಿನಲ್ಲಿ ದಪ್ಪ ಮನುಷ್ಯರೊಬ್ಬರು ಬಂದು ನಿಂತರು. ಅಡುಗೆ ಕಂಟ್ರಾಕ್ಟರ್ ಕೃಷ್ಣಸ್ವಾಮಿ. ಅಕ್ಕ ಅವರ ಕೈಕೆಳಗೇ ಇಪ್ಪತ್ತೆರಡು ವರ್ಷ ದುಡಿದವರು. ಒಂದು ತುತ್ತು ಬಾಯಿಗಿಟ್ಟು ಅವರು ಬೋರ್ಡ್ ನೋಡಿದರು, ಅಕ್ಕನನ್ನು ನೋಡಿದರು.

"ಈ ಕೈ ರುಚಿ ನಂಗೊತ್ತು ಕಣಮ್ಮ. ಜನ ನನ್ನ ಹೊಗಳ್ತಿದ್ದಿದ್ದು ಇದಕ್ಕೇ," ಎಂದರು. "ಮುಂದಿನ ತಿಂಗಳು ಎರಡು ದೊಡ್ಡ ಮದುವೆ ಇದೆ. ಒಬ್ಬಟ್ಟು ನಿಮ್ಮ ಸಂಘದ್ದೇ, ಹೆಸರೂ ನಿಮ್ದೇ. ನಂಬರ್ ಕೊಡಿ."

ಅಕ್ಕ ಅವರ ಮುಖವನ್ನೇ ನೋಡುತ್ತಾ ನಿಂತರು. ಇಷ್ಟು ವರ್ಷ ಕಾದದ್ದು ಆ ಒಂದು ನೋಟಕ್ಕೆ. ಉತ್ತರ ಕೊಟ್ಟವರು ಪಕ್ಕದಲ್ಲಿ ಬಾಳೆ ಎಲೆ ಕತ್ತರಿಸುತ್ತಿದ್ದ ಶಿವಮಲ್ಲಪ್ಪನವರು.

"ಎರಡೂ ಬರ್ಕೊಳ್ಳಿ ಸ್ವಾಮಿ. ಒಂದು ಸಿಗದಿದ್ರೆ ಇನ್ನೊಂದು ಸಿಕ್ಕೇ ಸಿಗುತ್ತೆ."

ಈಗ ಅವರ ವಾಚ್ ಅಂಗಡಿಗೆ ಬಂದವರೆಲ್ಲ ಎರಡು ಸಿಮ್ಮಿನ ಪಾಠ ಕೇಳದೆ ವಾಪಸ್ ಹೋಗುವಂತಿಲ್ಲ. ಬೇಡವೆಂದರೂ ಹೇಳುತ್ತಾರೆ, ಅಲಾರಂ ಗಡಿಯಾರ ತಿರುಗಿಸಿ ತೋರಿಸುತ್ತಾರೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಒಂದು ಕಂಪನಿಯ ಸಿಗ್ನಲ್, ಕೆಲಸದ ಕಡೆ ಇನ್ನೊಂದರದು ಎಂದಾದರೆ ಈ ಕಥೆ ನಿಮ್ಮದೇ. ಸಿಮ್ ಕಿತ್ತು ಹಾಕಿ ಒದ್ದಾಡಬೇಡಿ. ಬಿಲ್ ಕೇಳಿ, ಹದಿನೈದು ಅಂಕಿ ನೋಡಿ, ಎರಡು ಸಿಮ್ಮಿನ ಫೋನ್ ಕೊಳ್ಳಿ. ಸಿಮ್ಮುಗಳು ನಿಮ್ಮ ಹೆಸರಿನಲ್ಲೇ, ಸರಿಯಾದ ದಾಖಲೆ ಕೊಟ್ಟು ಪಡೆದದ್ದಾಗಿರಲಿ. ಅರ್ಜಿ ಯಾವುದೇ ಇರಲಿ, ಎರಡು ನಂಬರನ್ನೂ ಬರೆಯಿರಿ. ಫೋನು ಸುಮ್ಮನಿದೆ ಎಂದರೆ ಕರೆ ಬಂದಿಲ್ಲ ಎಂದು ನಂಬಿ ಕೂರಬೇಡಿ, ಪರದೆ ನೋಡಿ. ಓದಲು ಬಾರದಿದ್ದರೆ ಓದಬಲ್ಲವರನ್ನು ಕೇಳಿ, ಅದರಲ್ಲಿ ನಾಚಿಕೆ ಏನಿದೆ? ನಿಮಗೆ ಬರಬೇಕಾದ ಒಳ್ಳೆಯ ಸುದ್ದಿ ಇನ್ನೊಬ್ಬರ ಮನೆಗೆ ಹೋಗದಿರಲಿ. ವಿಭೂತಿ ಡಬ್ಬಿಯಲ್ಲಿ ವಿಭೂತಿ ಇರಲಿ, ಸಿಮ್ಮು ಫೋನಿನಲ್ಲಿರಲಿ.