ದ್ರೌಪದಿ ಕರಗ್ಯಾಳೇನು?

“ಏ, ನಿಲ್ಲಸ್ರಿ! ಅಲ್ಲಿ ತೋಡಬ್ಯಾಡ್ರಿ!”

ಬೇವಿನ ಗಿಡದ ಬುಡದಲ್ಲಿ ಎತ್ತಿದ ಗುದ್ದಲಿ ಎತ್ತಿದ ಹಾಗೇ ನಿಂತಿತು. ಸಕ್ಕುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದ್ರಾಕ್ಷಿ ಸಾಲಿನ ನಡುವೆ ದಾಪುಗಾಲು ಹಾಕುತ್ತ ಬಂದಳು. ಅವಳ ಗಂಡ ಮುರಗೆಪ್ಪ ಅಂದು ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಎದ್ದಿರಲಿಲ್ಲ. ತೆಲಸಂಗದ ಮನೆಯ ಪಡಸಾಲೆಯಲ್ಲಿ ಹೆಣ ಕೂಡಿಸಿ ಭಜನೆ ಹಚ್ಚಿದ್ದರು. ಹೆಂಡತಿಯಾದವಳು ಪಕ್ಕದಲ್ಲಿ ಕೂತು ಅಳುವುದು ಬಿಟ್ಟು ತೋಟಕ್ಕೆ ಓಡಿ ಬಂದಿದ್ದಳು. ಜನ ಏನಾದರೂ ಅಂದುಕೊಳ್ಳಲಿ. ಅಳು ಬಂದರೆ ತಾನೆ ಅಳುವುದು?

ಅಥಣಿಯಲ್ಲಿ ನೌಕರಿ ಮಾಡುವ ಮೈದುನ ಲಗಮಣ್ಣ ಮುಂದೆ ಬಂದ.

“ವೈನಿ, ಕೂಸನ್ನ ಇಲ್ಲೇ ಇಟ್ಟೇವಲ್ಲ. ಅಣ್ಣನ್ನೂ ಮಗಳ ಬಾಜೂಕ ಇಡೋಣಂತ…”

“ಅದಕ್ಕ ಬ್ಯಾಡಂದೆ. ಕೂಸು ಹೋದ ಮ್ಯಾಲ ನಿಮ್ಮಣ್ಣ ಒಮ್ಮೆರ ಆಕಿ ಹೆಸರ ತಗದಾರೇನು? ನೀ ಕೇಳಿಯೇನು?”

ಲಗಮಣ್ಣ ಕೇಳಿರಲಿಲ್ಲ.

“ಮರತವರಿಗೆ ಆಕಿ ಬಾಜೂಕ ಜಾಗಾ ಇಲ್ಲ. ಬಾವಿ ಕಡೆ ತೋಡಸು.”

ಹೆಣ ಮನೆಯಲ್ಲಿರುವಾಗ ಜಗಳವೇ? ಲಗಮಣ್ಣ ಕೈಸನ್ನೆ ಮಾಡಿದ. ಆಳುಗಳು ಗುದ್ದಲಿ ಹೊತ್ತುಕೊಂಡು ಬಾವಿಯ ಕಡೆ ನಡೆದರು.

*

ಎಂಬತ್ಮೂರನೇ ಇಸವಿಯ ಆ ದಿನವೂ ಹೀಗೇ ಮೋಡ ಕಟ್ಟಿತ್ತು. ಅವರಿಗಿದ್ದ ಒಬ್ಬಳೇ ಮಗಳು ದ್ರೌಪದಿ, ಇನ್ನೂ ಶಾಲೆಗೆ ಹಚ್ಚಿರಲಿಲ್ಲ, ಜ್ವರ ನೆತ್ತಿಗೇರಿ ತೀರಿಕೊಂಡಳು. ಮಣ್ಣು ಕೊಟ್ಟ ಮರುದಿನವೇ ಮುರಗೆಪ್ಪ ಔಷಧದ ಪಂಪು ಬೆನ್ನಿಗೇರಿಸಿದ.

“ನಿನ್ನಿ ಮಗಳನ್ನ ಇಟ್ಟು ಬಂದ ಕೈಲೆ ಇವತ್ತ ಪಂಪ ಹಿಡೀತೀರೇನು?”

“ಮೋಡ ಆಗೇತಿ,” ಎಂದ ಮುರಗೆಪ್ಪ. ಬಳ್ಳಿ ಹೂವಿನಲ್ಲಿತ್ತು. ಅಂದು ಔಷಧ ಬೀಳದಿದ್ದರೆ ರೋಗ ಹತ್ತಿ ವರ್ಷದ ಬೆಳೆ ಮಣ್ಣುಪಾಲು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೆ ಏನಾಯಿತು, ಹೊಟ್ಟೆ ಉರಿಯುತ್ತಿತ್ತು.

“ಹೋಗ್ರಿ! ಇನ್ನ ಈ ಮನ್ಯಾಗ ಆಕಿ ಹೆಸರು ನಿಮ್ಮ ಬಾಯಾಗ ಬರಬಾರದು!”

ಸಿಟ್ಟಿನ ಬಾಯಲ್ಲಿ ಬಂದ ಮಾತು, ಹೆಚ್ಚೆಂದರೆ ನಾಲ್ಕು ದಿನ ಬಾಳಬೇಕಾದದ್ದು. ಮುರಗೆಪ್ಪನೆಂಬ ಮಹಾರಾಯ ಅದನ್ನು ಸಾಯುವತನಕ ನಡೆಸಿದ. ಸಕ್ಕುಬಾಯಿ ಕಾದಳು. ಹಬ್ಬದ ದಿನ, ಮಂದಿಯ ಮಕ್ಕಳ ಮದುವೆಯ ದಿನ, ಇವತ್ತಾದರೂ ಅಂದಾನು ಎಂದು ಕಾದಳು. ಬೇಡವೆಂದದ್ದು ತಾನೇ ಎಂಬುದು ಕ್ರಮೇಣ ಅವಳಿಗೆ ಮರೆತುಹೋಯಿತು. ಅವನು ಅನ್ನಲಿಲ್ಲ ಎಂಬುದು ಮಾತ್ರ ಎದೆಯಲ್ಲಿ ಉಳಿಯಿತು. ಅಂದಿನಿಂದ ಅವಳು ತೋಟಕ್ಕೂ ಕಾಲಿಡಲಿಲ್ಲ.

*

ಬಾವಿಯ ಕಡೆ ಕುಣಿ ಮೊಳಕಾಲುದ್ದ ಆಗಿತ್ತು. ತೋಟದ ಆಳು ಮಾಳಸಿದ್ದ ಟವೆಲಿನಿಂದ ಮೂಗು ಒರೆಸುತ್ತ ಲಗಮಣ್ಣನ ಹತ್ತಿರ ಬಂದ. ಗುಟ್ಟಾಗಿ ಕೇಳಬೇಕೆಂದೇ ಬಂದಿದ್ದ, ಆದರೆ ಮೆಲ್ಲಗೆ ಮಾತಾಡುವುದು ಅವನ ಗಂಟಲಿಗೆ ಬಾರದು.

“ಸಾವಕಾರ್ರ, ದ್ರೌಪದಿನ್ನ ಏನ್ ಮಾಡೂದ್ರಿ? ಮಾಲಕ್ರು ನಿನ್ನಿ ಸಂಜಿಕ ನೆನೀ ಹಾಕಿ ಹೋಗ್ಯಾರ.”

ಸಕ್ಕುಬಾಯಿ ಗಕ್ಕನೆ ತಿರುಗಿದಳು. “ಏನಂದಿ? ಯಾರನ್ನ?”

ಮಾಳಸಿದ್ದ ಗಾಬರಿಯಾದ. “ಮೈಲುತುತ್ತರಿ, ಅವ್ವಾರ. ಔಷಧಕ್ಕ ಹಾಕತೀವಲ್ರಿ, ನೀಲಿ ಹರಳು. ಡಬ್ಬಿ ಮ್ಯಾಲಿನ ಇಂಗ್ಲಿಷ್ ಹೆಸರು, ಕಾಪರ ಸಲ್ಫೇಟ, ಪೊಟ್ಯಾಶಿಯಂ ಏನೇನೋ, ನಮ್ಮ ನಾಲಿಗಿ ಹೊಳ್ಳಂಗಿಲ್ಲ. ಮಾಲಕ್ರು ಎಲ್ಲಾಕ್ಕೂ ಒಂದೊಂದು ಹೆಸರ ಇಟ್ಟಿದ್ರು. ಸುಣ್ಣದ ಕಲ್ಲಿಗೆ ನೀರ ಹಾಕಿದ್ರ ಬುಸ್ ಅಂತೈತಿ, ಅದು ಅತ್ತಿ. ಗಂಧಕ ಅರಿಷಿಣ ಕಾಕಾ. ಪೊಟ್ಯಾಶ್ ಕೆಂಪ ಬೀಗತಿ. ಈ ನೀಲೀದು ದ್ರೌಪದಿ. ಬಯಲಾಟದಾಗಿನ ದ್ರೌಪದಿ ನೀಲಿ ಸೀರಿ ಉಟ್ಟಿರತಾಳ ನೋಡ್ರಿ, ಅದಕ್ಕ ಇಟ್ಟಾರಂತ ನಾವು ತಿಳಕೊಂಡೇವಿ.”

ಸಕ್ಕುಬಾಯಿಯ ಕಣ್ಣು ತೋಟದ ಶೆಡ್ಡಿನ ಕಡೆ ಹೋಯಿತು.

*

ಆ ಜ್ವರಕ್ಕೂ ಮೊದಲಿನ ಒಂದು ದಿನ. ತೋಟದ ಶೆಡ್ಡಿನಲ್ಲಿ ದ್ರೌಪದಿ ಔಷಧದ ಚೀಲಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅಪ್ಪ ಸುಣ್ಣದ ಕಲ್ಲಿಗೆ ನೀರು ಹೊಯ್ದ. ಬುಸ್ಸೆಂದು ಹಬೆ ಎದ್ದಿತು.

“ಅಯ್ಯ, ಅತ್ತಿ ಸಿಟ್ಟಾದ್ಲು!”

ಬುತ್ತಿ ತಂದಿದ್ದ ಸಕ್ಕುಬಾಯಿ ನಕ್ಕು ನಕ್ಕು ಸುಸ್ತಾದಳು. ಹಾಗೇ ಬುಸುಗುಡುವ ಅವಳ ಅತ್ತೆ ಇನ್ನೂ ಬದುಕಿದ್ದ ಕಾಲ ಅದು.

“ಇಂವ ಅರಿಷಿಣ ಕಾಕಾ. ಇಕಿ ಕೆಂಪ ಬೀಗತಿ.”

“ಮತ್ತ ಈ ನೀಲೀದು ಯಾರವ್ವಾ?” ಎಂದ ಅಪ್ಪ.

ಹುಡುಗಿ ನೀಲಿ ಹರಳನ್ನು ಬಿಸಿಲಿಗೆ ಹಿಡಿದು ನೋಡಿದಳು. “ಇದು ನಾ!”

“ವಿಷ ಐತಿ, ಒಗಿ ಅದನ್ನ,” ಎಂದು ಮುರಗೆಪ್ಪ ಅವಳ ಕೈ ತಿಕ್ಕಿ ತಿಕ್ಕಿ ತೊಳೆದ.

*

“ದಿನಾ ಅನ್ನತಿದ್ರೇನೋ, ಮಾಳಸಿದ್ದ?”

“ಹೂನ್ರಿ! ಗೇಟಿನ್ಯಾಗ ಕಾಲಿಡೂದ ತಡ, ‘ದ್ರೌಪದಿ ಕರಗ್ಯಾಳೇನಲೇ?’ ಅಂತ ಒದರತಿದ್ರು. ಔಷಧ ಹೊಡಿಯೂದು ಇಲ್ಲದ ದಿನಾನೂ ಅದ ಮಾತು. ಚ್ಯಾಷ್ಟಿ ಮಾಡತಾರಂತ ನಾವು ನಗತಿದ್ವಿ. ‘ಇಲ್ರಿ, ಇನ್ನೂ ಅದಾಳ್ರಿ’ ಅಂದ್ರ ಸಾಕ, ಖುಷಿ ಆಗಿ ಎಲ್ಲಾರಿಗೂ ಚಾ ತರಸತಿದ್ರು.”

ಸಕ್ಕುಬಾಯಿ ಶೆಡ್ಡಿಗೆ ಹೋದಳು. ಪ್ಲಾಸ್ಟಿಕ್ ಡ್ರಮ್ಮಿನ ಬಾಯಿಗೆ ಅಡ್ಡ ಕೋಲಿಟ್ಟು ಮುರಗೆಪ್ಪ ಅರಿವೆಯ ಗಂಟು ಇಳಿಬಿಟ್ಟಿದ್ದ. ಗಂಟು ಅವಳದೇ ಹಳೆಯ ಸೀರೆಯ ತುಂಡು. ಸುತ್ತ ನೀರೆಲ್ಲ ನೀಲಿ. ಮೊಳಕೈತನಕ ಕೈ ಇಳಿಸಿ ಗಂಟನ್ನು ಹಿಸುಕಿದಳು. ಮೆತ್ತಗೆ, ಬರಿದಾಗಿತ್ತು. ಮತ್ತೊಮ್ಮೆ ಹಿಸುಕಿದಾಗ ತಳದಲ್ಲಿ ಹುಣಸೆ ಬೀಜದಷ್ಟು ಒಂದು ಹರಳು ಬೆರಳಿಗೆ ತಾಕಿತು. ಗಂಟು ಬಿಚ್ಚಿ ಅದನ್ನು ತೆಗೆದುಕೊಂಡಳು.

“ಅಯ್ಯ ನನ್ನ ದೇವರ! ನನ್ನ ಮುಂದ ಒಮ್ಮೆ ಅನಬಾರದಾಗಿತ್ತೇನ್ರಿ? ಒಂದ ಸಲ?”

ಬೆಳಗಿನಿಂದ ಬಾರದ ಅಳು ಆಗ ಬಂತು. ಡ್ರಮ್ಮಿನ ಅಂಚು ಹಿಡಿದು ಹೊಟ್ಟೆ ತುಂಬ ಅತ್ತಳು. ಲಗಮಣ್ಣ ಬಾಗಿಲಲ್ಲಿ ನಿಂತಿದ್ದ.

“ಬಾವಿ ಕಡೀದು ಮುಚ್ಚಸೋ,” ಎಂದಳು ಬಿಕ್ಕುತ್ತ. “ಬೇವಿನ ಗಿಡದ ಬುಡಕ್ಕ ತೋಡಸು. ಮಗಳ ಬಾಜೂಕ.”

ಸಂಜೆ ಮುರಗೆಪ್ಪನನ್ನು ಬೇವಿನ ಬುಡದ ಕುಣಿಯಲ್ಲಿ ಕೂಡಿಸಿದರು. ಅಯ್ಯನವರು ಮಂತ್ರ ಮುಗಿಸಿದ ಮೇಲೆ ಬಂಧುಗಳು ಒಬ್ಬೊಬ್ಬರಾಗಿ ಉಪ್ಪು, ಪತ್ರಿ ಹಾಕಿದರು. ಸಕ್ಕುಬಾಯಿಯ ಸರದಿ ಬಂತು.

“ಕೈ ನೀಲಿ ಆಗೇತಿ, ತೊಳಕೊಂಡು ಬಾರವ್ವಾ,” ಎಂದಳು ಹಿಂದಿನಿಂದ ಒಬ್ಬ ಮುದುಕಿ.

ಸಕ್ಕುಬಾಯಿ ತೊಳೆದುಕೊಳ್ಳಲಿಲ್ಲ. ಕುಣಿಯ ಅಂಚಿಗೆ ಮೊಣಕಾಲೂರಿ ಗಂಡನ ಕಿವಿಯ ಹತ್ತಿರ ಬಾಗಿದಳು.

“ಇನ್ನೂ ಅದಾಳ್ರಿ,” ಎಂದು ಮುಷ್ಟಿ ಬಿಚ್ಚಿದಳು.

ಅವನ ಮಡಿಲಿನ ಬಿಳಿ ಉಪ್ಪಿನ ಮೇಲೆ ನೀಲಿ ಹರಳು ಬಿತ್ತು. ಹಿಂದಿನವರು ವಿಭೂತಿ ಹಿಡಿದು ಕಾದು ನಿಂತಿದ್ದರು.