ಐದು ಗಂಟೆಯ ಅಫ್ಘಾನ್ ತಜ್ಞ

ಯುದ್ಧಕ್ಕೆ ಹೊತ್ತುಗೊತ್ತಿಲ್ಲ, ತಜ್ಞರಿಗೆ ಇದೆ. ಸಿಂಗಾಪುರದ ಬ್ಯೂನಾ ವಿಸ್ಟಾದ ಸುದ್ದಿ ಚಾನೆಲ್ಲಿಗೆ ಸೇರಿ ಆರು ತಿಂಗಳಾಗಲು ಒಂದು ದಿನ ಬಾಕಿ ಇದ್ದಾಗ ವರ್ಣಿಕಾಗೆ ಖಾತ್ರಿಯಾಗಿದ್ದ ವಿದ್ಯೆ ಇದೊಂದೇ. ಎಲ್ಲಿ ಬಾಂಬು ಬಿದ್ದರೂ, ಯಾವ ಸರ್ಕಾರ ಉರುಳಿದರೂ, ಅದರ ಬಗ್ಗೆ ನಾಲ್ಕು ನಿಮಿಷ ಮಾತಾಡಬಲ್ಲವರೊಬ್ಬರನ್ನು ಹಿಡಿದು ತಂದು ಸಂಜೆ ಐದರ ಬುಲೆಟಿನ್ನಿಗೆ ಪರದೆಯ ಚೌಕದಲ್ಲಿ ಕೂರಿಸುವುದು ಅವಳ ಕೆಲಸ. ನಾಳೆ ಪ್ರೊಬೇಷನ್ ಮುಗಿಯುತ್ತದೆ. ನೌಕರಿ ಕಾಯಂ ಮಾಡುವ ಕಾಗದ ಪ್ರೊಡ್ಯೂಸರ್ ಜೋಆನ್ ಲಿಮ್‌ಳ ಮೇಜಿನ ಮೇಲೆ ಸಹಿಯಿಲ್ಲದೆ ಮಲಗಿತ್ತು.

ಆ ಮಧ್ಯಾಹ್ನವೇ ಅಫ್ಘಾನಿಸ್ತಾನದ ಗಡಿ ಮತ್ತೆ ಮುಚ್ಚಿದ ಸುದ್ದಿ ಬಂತು. ಚಾನೆಲ್ಲಿನ ಪಟ್ಟಿಯಲ್ಲಿ ಅಫ್ಘಾನ್ ತಜ್ಞರು ನಾಲ್ವರು. ಒಬ್ಬರು ವಿಮಾನದಲ್ಲಿದ್ದರು, ಇಬ್ಬರು ವಾಷಿಂಗ್ಟನ್ನಿನಲ್ಲಿ ಗಾಢ ನಿದ್ದೆಯಲ್ಲಿದ್ದರು, ನಾಲ್ಕನೆಯವರನ್ನು ಎದುರಾಳಿ ಚಾನೆಲ್ಲು ಬೆಳಿಗ್ಗೆಯೇ ಹಾರಿಸಿಕೊಂಡು ಹೋಗಿತ್ತು.

"ಐದಕ್ಕೆ ಆ ಚೌಕದಲ್ಲಿ ಒಂದು ಮುಖ ಬೇಕು," ಎಂದಳು ಜೋಆನ್. "ಇಲ್ದಿದ್ರೆ ಆ ಕಾಗದದ ಮೇಲೆ ನಾನು ಏನಂತ ಬರೀಲಿ? ನೀನೇ ಹೇಳು ಲಾ." ಸಿಂಗಾಪುರದವರ ಆ 'ಲಾ' ಬಾಲ ಅವಳ ಮಾತಿಗೂ ಅಂಟಿಕೊಂಡಿತ್ತು.

ಆಗ ನೆನಪಾದವರು ದ್ವಾರಕನಾಥ್ ಅಂಕಲ್. ಜುರಾಂಗ್ ಐಲ್ಯಾಂಡಿನ ಒಂದು ಪೆಟ್ರೋಕೆಮಿಕಲ್ ಪ್ಲಾಂಟಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರು. ಅದಕ್ಕೂ ಮೊದಲು ನಾಲ್ಕು ವರ್ಷ ಅಫ್ಘಾನಿಸ್ತಾನದಲ್ಲಿ ವಿದ್ಯುತ್ ಲೈನ್ ಎಳೆಸಿದ್ದರು. ಕನ್ನಡ ಸಂಘದ ಊಟದ ಸಾಲಿನಲ್ಲಿ ಬಿಸಿಬೇಳೆಬಾತಿನ ಸೌಟು ಕೈಗೆ ಬಂತೆಂದರೆ ಸಾಕು, "ನಾನು ಅಫ್ಘಾನಿಸ್ತಾನದಲ್ಲಿದ್ದಾಗ" ಎಂದು ಶುರುಮಾಡುತ್ತಿದ್ದರು. ಹಿಂದೆ ನಿಂತವರ ಹಪ್ಪಳ ಮೆತ್ತಗಾಗುತ್ತಿತ್ತು, ಕತೆ ಮುಗಿಯುತ್ತಿರಲಿಲ್ಲ.

ಕ್ಯಾಮೆರಾ ಇರುವ ಫೋನನ್ನು ಪ್ಲಾಂಟಿನ ಗೇಟಿನಲ್ಲೇ ಕೊಟ್ಟು ಒಳಹೋಗಬೇಕು. ಅದಕ್ಕೇ ವರ್ಣಿಕಾ ಅವರ ಆಫೀಸಿನ ಫೋನಿಗೆ ಕರೆ ಮಾಡಿದಳು.

"ಅಂಕಲ್, ಟಿವೀಲಿ ಅಫ್ಘಾನಿಸ್ತಾನದ ಬಗ್ಗೆ ಮಾತಾಡ್ತೀರಾ? ಇವತ್ತೇ, ಐದಕ್ಕೆ."

"ಇವತ್ತಾ? ಏನಮ್ಮ ನೀನು, ಶೇವ್ ಕೂಡ ಮಾಡಿಲ್ಲ." ಕ್ಷಣ ಬಿಟ್ಟು ದನಿ ತಗ್ಗಿತು. "ಗಡ್ಡ ಇದ್ರೆ ಎಕ್ಸ್‌ಪರ್ಟ್ ಥರ ಕಾಣ್ತೀನಾ?"

ನಾಲ್ಕಕ್ಕೆ ಕಂಪನಿ ಬಸ್ಸು ಹಿಡಿದು ಬೂನ್ ಲೇಗೆ ಬರುವುದು, ಅಲ್ಲಿ ಗೆಳೆಯ ಕಿಟ್ಟಿಯ ಫ್ಲ್ಯಾಟಿನಿಂದ ವೀಡಿಯೊದಲ್ಲಿ ಸೇರುವುದು ಎಂದಾಯಿತು.

ಅತಿಥಿ ಏನು ಹೇಳುತ್ತಾರೆಂದು ಮೂರು ಅಂಶಗಳಲ್ಲಿ ಮೊದಲೇ ನಿರೂಪಕನಿಗೆ ಕೊಡಬೇಕು, ಅದು ಚಾನೆಲ್ಲಿನ ಪದ್ಧತಿ. ಅಂಕಲ್ಲಿಗೆ ತೊಂದರೆ ಬೇಡವೆಂದು ವರ್ಣಿಕಾ ಹಳೆಯ ತಜ್ಞರ ಮಾತುಗಳಿಂದ ತಾನೇ ಮೂರು ಹೆಕ್ಕಿ ಇಮೇಲ್ ಮಾಡಿದಳು. ಹದಿನೈದು ನಿಮಿಷದಲ್ಲಿ ಅವು ಪ್ರಿಂಟಾಗಿ, ಕೆಂಪು ಶಾಯಿಯಲ್ಲಿ ಮಿಂದು, ಸ್ಕ್ಯಾನ್ ಆಗಿ ಹಿಂದಿರುಗಿದವು. 'ಬದಲಾಗುತ್ತಿರುವ ಅಧಿಕಾರ ಸಮೀಕರಣ' ಎಂಬುದರ ಪಕ್ಕ: ಆಧಾರ? 'ಮುಂದಿನ ಆರು ತಿಂಗಳು ನಿರ್ಣಾಯಕ' ಎಂಬುದರ ಪಕ್ಕ: ಅಳೆದವರು ಯಾರು? ಮೂರನೆಯದನ್ನು ಹೊಡೆದುಹಾಕಿ, 'ಸೈಟಿನಲ್ಲಿ ಪರಿಶೀಲಿಸಿಲ್ಲ' ಎಂದಿತ್ತು. ಕೆಳಗೆ ತಾರೀಖು, ಸಹಿ, ಒಂದು ಆಜ್ಞೆ: ತಿದ್ದಿ ಮತ್ತೆ ಕಳಿಸಿ.

ವರ್ಣಿಕಾ ಮತ್ತೆ ಫೋನ್ ಮಾಡಿದಳು. "ಅಂಕಲ್, ಇದು ಎಂಜಿನಿಯರಿಂಗ್ ಡ್ರಾಯಿಂಗ್ ಅಲ್ಲ!"

"ಕೆಳಗೆ ನನ್ನ ಹೆಸರು ಬರುತ್ತೆ ತಾನೇ? ಹೆಸರು ಬಂದ್ರೆ ಅದು ಡ್ರಾಯಿಂಗೇ. ಗೊತ್ತಿಲ್ಲದ್ದಕ್ಕೆ ಸೈನ್ ಹಾಕಿದ್ರೆ ಟ್ರಾನ್ಸ್‌ಫಾರ್ಮರ್ ಸಿಡಿಯುತ್ತಮ್ಮ."

"ಟಿವೀಲಿ ಏನೂ ಸಿಡಿಯಲ್ಲ ಅಂಕಲ್."

"ಅದೇ ಪ್ರಾಬ್ಲಮ್ಮು," ಎಂದು ಫೋನಿಟ್ಟು ಅವರು ಬಸ್ಸಿಗೆ ಓಡಿದರು.

ಐದಕ್ಕೆ ಚೌಕದಲ್ಲಿ ಅಂಕಲ್ ಮೂಡಿದರು. ಬೆನ್ನ ಹಿಂದೆ ತಜ್ಞರಿಗಿರಬೇಕಾದ ಪುಸ್ತಕದ ಕಪಾಟೇನೋ ಇತ್ತು. ಅದರ ತುಂಬ ಕಿಟ್ಟಿಯ ಮಗಳ ಆರನೇ ತರಗತಿ ಗಣಿತದ ಗೈಡುಗಳು. ನಿರೂಪಕ ಗಡಿಯ ಬಗ್ಗೆ ಗಂಭೀರವಾಗಿ ಕೇಳಿದ.

"ನಾನು ಅಲ್ಲಿಂದ ಬಂದು ಹನ್ನೆರಡು ವರ್ಷ ಆಯ್ತು. ಆಮೇಲಿನ ಡೇಟಾ ನನ್ನತ್ರ ಇಲ್ಲ," ಎಂದರು ಅಂಕಲ್, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ.

"ಆದರೂ, ಮುಂದೇನಾಗಬಹುದು?"

"ಗೊತ್ತಿಲ್ಲ."

ಕಂಟ್ರೋಲ್ ರೂಮಿನಲ್ಲಿದ್ದವರೆಲ್ಲ ಪರದೆಯತ್ತ ತಲೆಯೆತ್ತಿದರು. ಆ ಚೌಕದಿಂದ ಅಂಥ ಮಾತು ಯಾವತ್ತೂ ಹೊರಬಿದ್ದಿರಲಿಲ್ಲ. ಜೋಆನ್ ನಿಧಾನವಾಗಿ ವರ್ಣಿಕಾಳ ಕಡೆ ತಿರುಗಿದಳು. ಅಂಕಲ್ಲಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ.

"ನನ್ನ ಫೋರ್‌ಮನ್ ಹಬೀಬುಲ್ಲಾ ಅಂತ ಇದ್ದ. ದಿನಾ ಸಂಜೆ ರೇಡಿಯೋ ಹಾಕಿ, ಅವನ ಊರಿನ ಬಗ್ಗೆ ತಜ್ಞರು ಮಾತಾಡೋದು ಕೇಳೋನು. 'ಸಾಬ್, ಇವರು ಹೇಳೋ ಊರು ಎಲ್ಲಿದೆ? ನಾನೂ ಒಂದ್ಸಲ ಹೋಗಿ ನೋಡ್ಬೇಕು' ಅನ್ನೋನು. ಈಗ ಗಡಿ ಹತ್ರ ಲಾರಿ ಇಟ್ಕೊಂಡಿದಾನೆ. ಅಲ್ಲಿ ಒಂದೂವರೆ, ಊಟದ ಹೊತ್ತು. ಇರಿ, ಫೋನ್ ಮಾಡ್ತೀನಿ."

"ಕಟ್ ಮಾಡಿ ಹವಾಮಾನಕ್ಕೆ ಹೋಗೋದಾ?" ಗುಂಡಿಯ ಮೇಲೆ ಬೆರಳಿಟ್ಟವನು ಕೇಳಿದ.

"ನಿನ್ನ ಗೆಸ್ಟು. ನೀನೇ ಹೇಳು," ಎಂದಳು ಜೋಆನ್ ವರ್ಣಿಕಾಗೆ.

ಕಟ್ ಮಾಡಿದರೆ ಒಂದು ಸಣ್ಣ ತಪ್ಪು, ಮರೆತುಹೋಗುತ್ತದೆ. ಬಿಟ್ಟರೆ ಏನಾಗುತ್ತದೋ ಆ ದೇವರಿಗೂ ಗೊತ್ತಿರಲಾರದು.

"ಕಟ್ ಬೇಡ, ಬಿಡಿ," ಎಂದಳು ವರ್ಣಿಕಾ.

ಅಂಕಲ್ ತಮ್ಮ ಫೋನನ್ನು ಲ್ಯಾಪ್‌ಟಾಪಿಗೆ ಮುಖಮಾಡಿ ಹಿಡಿದರು, ಮೊದಲು ತಲೆಕೆಳಗಾಗಿ. ನೆಟ್ಟಗಾದಾಗ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಒಬ್ಬ ಗಡ್ಡದವನು, ಹಿಂದೆ ಬೆಟ್ಟದವರೆಗೂ ಲಾರಿಗಳ ಸಾಲು. ಹಬೀಬುಲ್ಲಾ ಹಿಂದಿಯಲ್ಲಿ ಹೇಳಿದ, ಅಂಕಲ್ ಇಂಗ್ಲಿಷಿಗೆ ದಾಟಿಸಿದರು. ಹತ್ತು ಟನ್ ದ್ರಾಕ್ಷಿ. ಇನ್ನೆರಡು ದಿನ ತಡೆದೀತು. ಮೇಲಿನ ಪೆಟ್ಟಿಗೆಗಳನ್ನು ಆಗಲೇ ಚಾಲಕರ ಮಕ್ಕಳಿಗೆ ಹಂಚಿದ್ದಾನೆ.

"ಗಡಿ ಯಾವಾಗ ತೆರೆಯಬಹುದು ಅಂತ ಅವರಿಗೆ ಅನಿಸುತ್ತೆ?" ನಿರೂಪಕ ಕೇಳಿದ.

ಪ್ರಶ್ನೆ ಮುಟ್ಟಿದಾಗ ಹಬೀಬುಲ್ಲಾ ತಬ್ಬಿಬ್ಬಾದ. "ಅದನ್ನ ನಿಮ್ಮನ್ನ ಕೇಳೋಣ ಅಂತಲೇ ಮಾತಾಡೋಕೆ ಒಪ್ಪಿದ್ದು ಸಾಬ್. ಸಿಂಗಾಪುರದ ಟಿವಿ ಅಂದ್ರಲ್ಲ. ಅಲ್ಲಿ ತಜ್ಞರಿರ್ತಾರಲ್ವಾ?"

ನಾಲ್ಕು ನಿಮಿಷ ಮುಗಿಯಿತು. ಹವಾಮಾನ ಬಂತು. ಜೋಆನ್ ವರ್ಣಿಕಾಳನ್ನು ತನ್ನ ಮೇಜಿನ ಬಳಿಗೆ ಕರೆದೊಯ್ದಳು.

"ಅವನ ನಂಬರ್ ಇದೆಯಾ?"

"ಅಂಕಲ್ ಈಗ ಕಳಿಸಿದ್ರು."

"ಬೇರೆ ಚಾನೆಲ್‌ನವರ ಹತ್ರ?"

"ಯಾರ ಹತ್ರಾನೂ ಇಲ್ಲ."

ಜೋಆನ್ ನಿಂತಲ್ಲೇ ಬಾಗಿ ಕಾಗದಕ್ಕೆ ಸಹಿ ಎಳೆದಳು. "ನಾಳೆ ಐದಕ್ಕೆ ಅವನೇ ಬರ್ಬೇಕು. ನಿಮ್ಮ ಅಂಕಲ್ ಬೇಡ ಲಾ."

ಸುದ್ದಿ ಕೇಳಿ ಅಂಕಲ್ ಕೆಂಡವಾದರು. "ನನ್ನ ಬಿಟ್ಟು ಹಬೀಬುಲ್ಲಾನಾ? ಅವನಿಗೆ ಕೇಬಲ್ ಹಿಡಿಯೋದು ಹೇಳ್ಕೊಟ್ಟಿದ್ದೇ ನಾನು ಕಣಮ್ಮ!"

ಮರುದಿನ ಬೆಳಿಗ್ಗೆ ವರ್ಣಿಕಾ ಹಬೀಬುಲ್ಲಾನಿಗೆ ಫೋನ್ ಮಾಡಿದಳು. ಸಿಂಗಾಪುರದ ಶಾಲೆಯಲ್ಲಿ 'ಮಾತೃಭಾಷೆ'ಯ ಪೀರಿಯಡ್ಡಿನಲ್ಲಿ, ಕನ್ನಡ ಇಲ್ಲದ್ದರಿಂದ, ಈ ಕನ್ನಡದ ಹುಡುಗಿಗೆ ಕಲಿಸಿದ್ದ ಹಿಂದಿ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಪದ್ಧತಿಯಂತೆ ಮೂರು ಅಂಶ ಕೇಳಿದಳು.

"ಒಂದು, ದ್ರಾಕ್ಷಿ ಕೊಳೀತಿದೆ. ಎರಡು, ನಿನ್ನೆಗಿಂತ ಜಾಸ್ತಿ ಕೊಳೀತಿದೆ. ಮೂರನೇದು ನಿನ್ನ ಕೆಲಸ ಬೇಟಿ. ಜನರನ್ನ ಟಿವಿಗೆ ಕರೆಸೋಳು ನೀನಂತೆ. ಇಲ್ಲಿ ಗೇಟಿಗೆ ಬೀಗ ಹಾಕಿದಾನಲ್ಲ, ಅವನನ್ನ ಕರೆಸು. ನಾನು ಈ ಕಡೆಯಿಂದ ಕೇಳ್ತೀನಿ, ಅವನು ಆ ಕಡೆಯಿಂದ ಹೇಳ್ಲಿ."

ಅವಳು ತಜ್ಞರ ಪಟ್ಟಿ ತೆರೆದು ಕೆಳಗೊಂದು ಹೊಸ ಸಾಲು ಎಳೆದಳು. ಹೆಸರಿನ ಜಾಗ ಖಾಲಿ ಬಿಟ್ಟು, ಪರಿಣತಿಯ ಜಾಗದಲ್ಲಿ 'ಬೀಗದ ಕೈ ಇವರ ಬಳಿ ಇದೆ' ಎಂದು ಬರೆದಳು. ಐದಕ್ಕೆ ಇನ್ನೂ ಆರು ಗಂಟೆ ಇತ್ತು. ಗಡಿಯ ಕಸ್ಟಮ್ಸ್ ಕಚೇರಿಯದೆಂದು ಎಲ್ಲೋ ಸಿಕ್ಕ ಒಂದು ನಂಬರಿಗೆ ಮೊದಲ ಸಲ ಫೋನ್ ಹಚ್ಚಿದಳು.